ಗ್ರಾಫಿಕ್ಸೂ ಖಲೀಲ್ ಭಾಯಿಯೂ

ಚೆಂದ ಮುಖ್ಯವೋ ಗುಣ ಮುಖ್ಯವೋ ಎಂದು ಯಾರನ್ನು ಕೇಳಿದರೂ ಗುಣವೇ ಮುಖ್ಯ ಎನ್ನುತ್ತಾರೆ. ಹಾಗೆಂದವರೇ ಹಲಸೂರು ಮಾರುಕಟ್ಟೆಗೆ ಹೋಗಿ ಮಿರಮಿರ ಮಿಂಚುವ ಬದನೆಕಾಯಿಯನ್ನೇ ಆರಿಸಿ ತಂದು, ಮನೆಯಲ್ಲಿ ಹೆಚ್ಚುವಾಗ ಒಳಗಿನ ಹುಳುವಿನ ಮುಖ ನೋಡುತ್ತಾರೆ. ನಾನೂ ಅಂಥವನೇ. ಆದರೆ ನನ್ನ ವಿಷಯದಲ್ಲಿ ಇದು ಸ್ವಲ್ಪ ಕೃತಘ್ನತೆ ಕೂಡ, ಏಕೆಂದರೆ ನನ್ನ ಮದುವೆ ನಡೆದದ್ದೇ ಗುಣದ ಆಧಾರದ ಮೇಲೆ. ನಾವು ಹೆಣ್ಣು ನೋಡಿ ಹಿಂತಿರುಗಿದ ಮೇಲೆ ಸರಳಾಳ ಸೋದರತ್ತೆ, "ಹುಡುಗ ನೋಡೋಕೆ ಅಷ್ಟಕ್ಕಷ್ಟೇ, ಗುಣ ಮಾತ್ರ ಅಪರಂಜಿ" ಎಂದು ತೀರ್ಪು ಕೊಟ್ಟರಂತೆ. ಸಂಸಾರ ಮಾಡಿ ಇಷ್ಟು ವರ್ಷವಾದ ಮೇಲೆ ಸರಳಾ ಆ ತೀರ್ಪಿನ ಮೊದಲರ್ಧವನ್ನು ಮಾತ್ರ ಎತ್ತಿಹಿಡಿದಿದ್ದಾಳೆ. ಹೀಗೆ ಗುಣದ ಹೆಸರು ಹೇಳಿಕೊಂಡು ಬದುಕಿದ ನಾನು, ಒಂದು ಕಂಪ್ಯೂಟರ್ ಆಟದ ವಿಚಾರದಲ್ಲಿ ಚೆಂದದ ಪಕ್ಷ ವಹಿಸಿ, ಒಬ್ಬ ಒಳ್ಳೆಯ ಮನುಷ್ಯನ ಮನಸ್ಸನ್ನು ನೋಯಿಸಿದೆ. ಅದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಮನೆಯಲ್ಲಿ ಹೇಳೋಣವೆಂದರೆ ಅಲ್ಲಿ ಎಲ್ಲ ಗೊತ್ತಿದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುತ್ತಿದ್ದೆ. ಇನ್ನು ಮೇಲೆ ಬೋರ್ಡು, ಪೆನ್ಸಿಲು ಇರುವುದಿಲ್ಲ, ಎಲ್ಲರೂ ಕಂಪ್ಯೂಟರ್ ಕಲಿಯಬೇಕು ಎಂದು ಅಪ್ಪಣೆಯಾಯಿತು. ಇಂದಿರಾನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಸಂಜೆ ತರಗತಿ ನಡೆಯುತ್ತಿತ್ತು. ಅಲ್ಲಿಗೆ ಸೇರಿದೆ. ಮೀಸೆ ಮೂಡದ ಹುಡುಗರ ಮಧ್ಯೆ ಮೀಸೆ ನರೆತವರು ಇಬ್ಬರೇ, ನಾನು ಮತ್ತು ಖಲೀಲ್ ಭಾಯ್. ಶಿವಾಜಿನಗರದಲ್ಲಿ ಅವರದು ಗುಂಡಿ, ಲೇಸು, ಜಿಪ್ಪುಗಳ ಅಂಗಡಿ. ಕಂಪ್ಯೂಟರ್ ಇದ್ದರೆ ವ್ಯಾಪಾರ ಬೆಳೆಯುತ್ತದೆ ಎಂದು ತಮ್ಮ ರಫೀಕ್ ಅವರನ್ನು ಒತ್ತಾಯಿಸಿ ಕಳಿಸಿದ್ದ. ಮೇಷ್ಟ್ರು ನಮ್ಮಿಬ್ಬರನ್ನೂ ಒಂದೇ ಯಂತ್ರದ ಮುಂದೆ ಕೂರಿಸಿ, ಆರನೇ ದಿನದ ಹೊತ್ತಿಗೆ ನಮ್ಮ ಆಸೆ ಬಿಟ್ಟರು. ಆ ಯಂತ್ರದಲ್ಲಿ ಯಾವನೋ ಹುಡುಗ ಒಂದು ಯುದ್ಧದ ಆಟ ತುಂಬಿಸಿ ಹೋಗಿದ್ದ. ನಾವು ಆ ಕೋರ್ಸಿನಲ್ಲಿ ಚೊಕ್ಕವಾಗಿ ಕಲಿತದ್ದು ಅದೊಂದನ್ನೇ.

ಆಟ ನೋಡಲು ಏನೂ ಇರಲಿಲ್ಲ. ಪರದೆಯ ತುಂಬ ಎರಡು ಬೆರಳಗಲದ ಚೌಕಗಳು. ಹಸಿರು ಎಂದರೆ ಕಾಡು, ನೀಲಿ ಎಂದರೆ ನದಿ, ಕಂದು ಎಂದರೆ ಗುಡ್ಡ. ಸೈನಿಕನಿಗೆ ಕೈಯಿಲ್ಲ, ಕಾಲಿಲ್ಲ. ಒಂದು ಬಣ್ಣದ ಬಿಲ್ಲೆ, ಅದರ ಮೇಲೆ ಕತ್ತಿಯೋ ಕುದುರೆಯೋ ಎಂದು ನಾವೇ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳಬೇಕಾದ ಒಂದು ಗುರುತು. ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು. ಕೋರ್ಸು ಮುಗಿದರೂ ಆಟ ಮುಗಿಯಲಿಲ್ಲ. ನಾನು ಸಿ.ವಿ. ರಾಮನ್ ನಗರದ ಮನೆಗೊಂದು ಕಂಪ್ಯೂಟರ್ ತಂದೆ. ಅಲ್ಲಿಂದ ಶುರುವಾಗಿ ಏಳೆಂಟು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಖಲೀಲ್ ಭಾಯ್ ಅಂಗಡಿಯನ್ನು ರಫೀಕನಿಗೆ ಬಿಟ್ಟು, ಬಸ್ಸು ಹಿಡಿದು, ನಮಗೆಂದು ಖೋವಾ ತುಂಬಿದ ಬೇಕರಿ ನಾನ್ ಕಟ್ಟಿಸಿಕೊಂಡು ಬರುತ್ತಿದ್ದರು. ತಾವು ಮಾತ್ರ ಮುಟ್ಟುತ್ತಿರಲಿಲ್ಲ. "ಶುಗರ್ ಇದೆ ತಂಗಿ, ನನಗೆ ಸಪ್ಪೆ ಚಾ ಸಾಕು" ಎಂದು ಸರಳಾಳಿಗೆ ಹೇಳಿ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಆಮೇಲೆ ಎರಡು ತಾಸಿನಲ್ಲಿ ನನ್ನ ರಾಜ್ಯವನ್ನು ನುಣ್ಣಗೆ ಬೋಳಿಸುತ್ತಿದ್ದರು. ಆ ಏಳೆಂಟು ವರ್ಷಗಳಲ್ಲಿ ನಾನು ಗೆದ್ದದ್ದು ಮೂರು ಸಲ. ಅದರಲ್ಲಿ ಒಂದು ಸಲ ಕರೆಂಟು ಹೋಗಿತ್ತು.

"ಮನೇಲಿ ಕೂತು ಇಬ್ರೂ ರಾಜ್ಯ ಆಳ್ತೀರಿ, ಗ್ಯಾಸ್ ಬುಕ್ ಮಾಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ" ಎಂದು ಸರಳಾ ಗೊಣಗುತ್ತಿದ್ದಳು. ಆದರೂ ಅವಳ ರವಿಕೆಗೆ ಹೊಂದುವ ಲೇಸು ಬೇಕಾದಾಗ ಬಟ್ಟೆಯ ಚೂರನ್ನು ಖಲೀಲ್ ಭಾಯ್ ಕೈಗೇ ಕೊಡುತ್ತಿದ್ದಳು. ಮುಂದಿನ ಭಾನುವಾರ ಅದೇ ಬಣ್ಣದ ಲೇಸು ಬರುತ್ತಿತ್ತು. ಹಳದಿಯಲ್ಲಿ ಹದಿನೈದು ಬಗೆ ಗುರುತಿಸುವ ಮನುಷ್ಯ ಅವರು.

ಎರಡು ಸಾವಿರದ ಇಸವಿ ದಾಟಿ ಮೂರು ವರ್ಷವಾಗಿತ್ತು, ಹೋದ ವರ್ಷವಷ್ಟೇ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದವನೊಬ್ಬ ಊಟದ ವೇಳೆಯಲ್ಲಿ ಇನ್ನೊಂದು ಯುದ್ಧದ ಆಟ ತೋರಿಸಿದ. ನೋಡಿ ನಾನು ಡಬ್ಬಿಯ ಊಟ ಮರೆತೆ. ಕುದುರೆ ಓಡಿದರೆ ಧೂಳು ಏಳುತ್ತದೆ. ನೀರಿನಲ್ಲಿ ಕೋಟೆಯ ನೆರಳು ಅಲ್ಲಾಡುತ್ತದೆ. ಬಾಣ ತಗುಲಿದ ಸೈನಿಕ ಸುಮ್ಮನೆ ಮಾಯವಾಗುವುದಿಲ್ಲ. ಮೊದಲು ಎದೆ ಹಿಡಿದುಕೊಳ್ಳುತ್ತಾನೆ, ಆಮೇಲೆ ಮಂಡಿಯೂರುತ್ತಾನೆ. ಇಷ್ಟು ವರ್ಷ ಬಿಲ್ಲೆಗಳನ್ನು ಸರಿಸಿ ಅದನ್ನೇ ಯುದ್ಧ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಳೆಯ ಕಂಪ್ಯೂಟರನ್ನು ಗೋಣಿಚೀಲ ಸುತ್ತಿ ಅಟ್ಟಕ್ಕೇರಿಸಿದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಹೊಸದು ತಂದೆ. ಹಾಲ್‌ನಲ್ಲಿದ್ದ ಫ್ರಿಜ್ಜು ಅಡುಗೆಮನೆಗೆ ಹೋಯಿತು, ಆ ಜಾಗದಲ್ಲಿ ಯುದ್ಧಭೂಮಿ ಬಂತು.

ಆ ಭಾನುವಾರ ಖಲೀಲ್ ಭಾಯ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೂತರು. ಸೌಂದರ್ಯಕ್ಕೆ ಮನಸೋತರು ಎಂದುಕೊಂಡು ನಾನು ಹಿಗ್ಗಿದೆ. ಹತ್ತು ನಿಮಿಷದಲ್ಲಿ ಅವರು ತಮ್ಮ ಅಶ್ವದಳವನ್ನು ಸೀದಾ ಕೆರೆಗೆ ಇಳಿಸಿದರು. ತಮ್ಮದೇ ಕೋಟೆಯ ಮೇಲೆ ಕಲ್ಲು ಬೀರಿದರು. ನಾನು ಗೆದ್ದೆ. ಮತ್ತೆ ಗೆದ್ದೆ. ಸರಳಾಳನ್ನು ಕರೆದು ತೋರಿಸಿದೆ. ಮುಂದಿನ ಮೂರು ಭಾನುವಾರವೂ ಇದೇ ಕಥೆ.

"ಮೂರ್ತಿ ಸಾಬ್, ಇದು ಆಟ ಅಲ್ಲ, ಸಿನಿಮಾ. ಇದ್ರಲ್ಲಿ ದಿಮಾಗ್ ಎಲ್ಲಿದೆ? ತಲೆಗೆ ಕೆಲಸಾನೇ ಇಲ್ಲ. ಹಳೇದೇ ಹಾಕಿ" ಎಂದರು ಖಲೀಲ್ ಭಾಯ್.

"ಹಳೇದ್ರಲ್ಲಿ ಏನಿತ್ತು ಮಣ್ಣು? ಬರೀ ಚೌಕ!"

"ಸೂರತ್ ಬೇಡ ಸಾಬ್, ಸೀರತ್ ನೋಡಿ ಅಂತ ನಮ್ಮ ದೊಡ್ಡವರು ಹೇಳ್ತಿದ್ರು. ಮುಖ ಅಲ್ಲ, ಗುಣ. ಆಟ ಚೆನ್ನಾಗಿರ್ಬೇಕು, ಚಿತ್ರ ತಗೊಂಡು ಏನ್ ಮಾಡೋದು?"

ಸತತವಾಗಿ ಗೆಲ್ಲುತ್ತಿರುವವನ ನಾಲಿಗೆಗೆ ಲಗಾಮು ಇರುವುದಿಲ್ಲ. ಅದರಲ್ಲೂ ಅಭ್ಯಾಸವಿಲ್ಲದವನು ಗೆದ್ದರೆ ಕೇಳುವುದೇ ಬೇಡ. "ಸೋತವರೆಲ್ಲ ಹೇಳೋದು ಇದೇ ಖಲೀಲ್ ಭಾಯ್. ಚೆಂದ ನೋಡೋಕೂ ಕಣ್ಣು ಬೇಕು, ಅದು ನಿಮಗಿಲ್ಲ ಬಿಡಿ" ಎಂದು ನಕ್ಕೆ.

ಅವರು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಇಡಲು ಹೋದರು; ಅದು ಅಂಚಿನಿಂದಾಚೆ ಬಿದ್ದು ಚೂರಾಯಿತು. "ಮಾಫ್ ಮಾಡಿ ತಂಗಿ" ಎಂದು ಅಡುಗೆಮನೆಯ ಕಡೆ ಹೇಳಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಸೋತ ಸಿಟ್ಟಿಗೆ ಲೋಟ ಎಸೆದರಲ್ಲ ಎಂದು ನನಗೂ ಸಿಟ್ಟು ಬಂತು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನೂ ಫೋನು ಮಾಡಲಿಲ್ಲ. ಒಬ್ಬನೇ ಕೂತು ಯಂತ್ರದ ವಿರುದ್ಧ ಆಡಿದೆ. ಧೂಳು ಏಳುತ್ತಿತ್ತು, ನೆರಳು ಅಲ್ಲಾಡುತ್ತಿತ್ತು, ಸೈನಿಕರು ಎದೆ ಹಿಡಿದುಕೊಳ್ಳುತ್ತಿದ್ದರು. ಅರ್ಧ ತಾಸಿಗೆ ಆಕಳಿಕೆ ಬರುತ್ತಿತ್ತು.

ಕೊನೆಗೆ ನನ್ನನ್ನು ಶಿವಾಜಿನಗರಕ್ಕೆ ಅಟ್ಟಿದವಳು ಸರಳಾ. ಖಲೀಲ್ ಭಾಯ್ ಹಿಂದೊಮ್ಮೆ ತಂದುಕೊಟ್ಟಿದ್ದ ಲೇಸನ್ನು ಆಗಷ್ಟೇ ಬಿಚ್ಚಿದ್ದಳು. "ನಾನು ಕೊಟ್ಟಿದ್ದು ಹಸಿರು ಚೂರು, ಇದು ನೋಡಿ, ನೀಲಿ. ಅವರು ಹೀಗೆ ಯಾವತ್ತೂ ಮಾಡಿದೋರಲ್ಲ. ಬದಲಾಯಿಸ್ಕೊಂಡು ಬನ್ನಿ, ಹಾಗೇ ಮಾತೂ ಆಡ್ಕೊಂಡು ಬನ್ನಿ."

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ರಫೀಕ್ ಕೂತಿದ್ದ. ನಾನು ಲೇಸು ಮುಂದಿಟ್ಟು ದೂರು ಹೇಳಿದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಭಾಯ್ ನಿಮಗೆ ಹೇಳೇ ಇಲ್ವಾ ಸಾರ್? ಶುಗರ್ ಕಣ್ಣಿಗೆ ಇಳಿದಿದೆ. ಎರಡು ವರ್ಷದಿಂದ ಆಸ್ಪತ್ರೆಗೆ ಓಡಾಡ್ತಿದೀವಿ. ಹೋಗಿರೋದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂದ್ರು ಡಾಕ್ಟ್ರು. ಅಂಗಡೀಲಿ ಈಗ ಬಣ್ಣದ ಕೆಲಸ ನಾನೇ ಮಾಡೋದು. 'ಮೂರ್ತಿ ಸಾಬ್ ಮನೆ ಆಟ ಒಂದೇ ನನಗೆ ಸಾಫಾಗಿ ಕಾಣೋದು, ದೊಡ್ಡ ದೊಡ್ಡ ಚೌಕ' ಅಂತಿದ್ರು ಭಾಯ್."

ಖಲೀಲ್ ಭಾಯ್ ಒಳಗಡೆ ಸ್ಟೂಲಿನ ಮೇಲೆ ಕೂತು, ತಟ್ಟೆಯಲ್ಲಿದ್ದ ಗುಂಡಿಗಳನ್ನು ಬೆರಳಿನಿಂದ ಮುಟ್ಟಿ, ಎರಡು ತೂತಿನವನ್ನೂ ನಾಲ್ಕು ತೂತಿನವನ್ನೂ ಬೇರೆ ಮಾಡುತ್ತಿದ್ದರು. ನನ್ನ ಕೆಮ್ಮಿನಿಂದಲೇ ಗುರುತು ಹಿಡಿದು, "ಬನ್ನಿ ಮೂರ್ತಿ ಸಾಬ್" ಎಂದರು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿರಲಿಲ್ಲ. ಯೋಚಿಸಿ ಬಂದಿದ್ದದ್ದು ಲೇಸಿನ ಬಗ್ಗೆ. ಹಾಗಾಗಿ ಬಾಯಿಗೆ ಬಂದದ್ದು ಒಂದೇ ಮಾತು: "ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಬೇಕೂಂತ ಸೋಲ್ತಿದ್ರಿ" ಎಂದರು ಖಲೀಲ್ ಭಾಯ್, ಗುಂಡಿಗಳಿಂದ ಕೈ ತೆಗೆಯದೆ. "ಆಮೇಲೆ ಏನ್ ಮಜಾ ಇರ್ತಿತ್ತು?"

ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಯಿತು. ಅದೃಷ್ಟಕ್ಕೆ ಇಲಿ ವೈರು ಕಡಿದಿತ್ತೇ ಹೊರತು ಆಟ ಹಾಗೇ ಇತ್ತು. ಮೂರು ತಿಂಗಳು ಎಲ್ಲವೂ ಮೊದಲಿನಂತೆ ನಡೆಯಿತು. ಆಮೇಲೆ ಒಂದು ಭಾನುವಾರ ಅವರು ನದಿಯನ್ನು ಕಾಡು ಎಂದರು. ನಾನು ತಿದ್ದಲಿಲ್ಲ. ಇನ್ನೊಂದು ತಿಂಗಳಿಗೆ ಅವರ ಕಣ್ಣಿಂದ ಚೌಕಗಳೂ ಅಳಿಸಿಹೋದವು. ಆಗಿನಿಂದ ನಾನೇ ಹೋಗಿ ಅವರನ್ನು ಕರೆತರುತ್ತೇನೆ. ಅವರು ಪರದೆಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ. ಎಲ್ಲಿ ಗುಡ್ಡ, ಎಲ್ಲಿ ನದಿ, ಯಾವ ಕುದುರೆ ಎಲ್ಲಿ ಹೋಯಿತು ಎಂದು ನಾನು ಓದಿ ಹೇಳುತ್ತೇನೆ. ಅವರು ಹೇಳಿದಂತೆ ಅವರ ಸೈನ್ಯವನ್ನೂ ನಾನೇ ನಡೆಸುತ್ತೇನೆ. ಅಂದರೆ ಈಗ ನಾನೇ ಗ್ರಾಫಿಕ್ಸು. ಶುರುವಿನಲ್ಲಿ, ಪಾಪ, ಅವರಿಗೋಸ್ಕರ ಗುಟ್ಟಾಗಿ ಸೋಲೋಣ ಎಂದುಕೊಂಡಿದ್ದೆ. ಆದರೆ ಗುಟ್ಟಾಗಿ ಸೋಲುವ ಅವಕಾಶವನ್ನು ಅವರು ಕೊಡಲೇ ಇಲ್ಲ; ಬಹಿರಂಗವಾಗಿಯೇ ಸೋಲುತ್ತ ಬಂದೆ.

ಸತತವಾಗಿ ಒಂಬತ್ತು ವಾರ ಸೋತ ಮೇಲೆ, ಹೋದ ಭಾನುವಾರ ನನ್ನಿಂದ ಒಂದು ಕೆಲಸ ಆಗಿಹೋಯಿತು. ಗುಡ್ಡದ ಹಿಂದೆ ನಿಲ್ಲಿಸಿದ್ದ ಒಂದು ಕುದುರೆಯ ವಿಷಯ ಹೇಳುವುದನ್ನು ಮರೆತೆ. ಮರೆತೆ ಎಂದು ಬರೆದಿದ್ದೇನೆ, ಓದುಗರು ದಯವಿಟ್ಟು ನಂಬಬೇಡಿ.

ಖಲೀಲ್ ಭಾಯ್ ಬೆರಳು ಮಡಚುತ್ತ ಕೂತರು. "ನಿಮ್ ಹತ್ರ ಮೂರು ಕುದುರೆ ಇತ್ತು. ಎರಡು ಹೇಳಿದ್ರಿ. ಇನ್ನೊಂದು?"

"ಅದು... ಅಲ್ಲೇ ಎಲ್ಲೋ ಇದೆ."

"ಎಲ್ಲೋ ಅಂದ್ರೆ?"

"ಗುಡ್ಡದ ಹಿಂದೆ ಇದೆ ಅಣ್ಣಾ!" ಎಂದಳು, ನನ್ನ ಬೆನ್ನ ಹಿಂದೆ ಬಟ್ಟೆ ಮಡಚುತ್ತಿದ್ದ ಸರಳಾ.

ಖಲೀಲ್ ಭಾಯ್ ಐದೇ ನಡೆಯಲ್ಲಿ ಆ ಕುದುರೆಯನ್ನೂ ನನ್ನ ರಾಜಧಾನಿಯನ್ನೂ ತೆಗೆದುಕೊಂಡು, ಸಪ್ಪೆ ಚಾ ಮುಗಿಸಿ ಎದ್ದರು. ಎಂದಿನಂತೆ ನನ್ನ ಹೆಗಲ ಮೇಲೆ ಕೈಯಿಟ್ಟರು. ಬಸ್ ನಿಲ್ದಾಣದ ಕಡೆ ಹೊರಟೆವು. ತಿರುವಿನಲ್ಲಿ ಮೋರಿಯ ಚಪ್ಪಡಿಯೊಂದು ಎದ್ದು ನಿಂತಿತ್ತು. "ಖಲೀಲ್ ಭಾಯ್, ಮುಂದೆ ಚಪ್ಪಡಿ ಎದ್ದಿದೆ, ಹುಷಾರು" ಎಂದೆ.

ಇಷ್ಟು ದಿನ ನಾನು ಹೇಳಿದ ಕೂಡಲೇ ಕಾಲೆತ್ತಿ ದಾಟುತ್ತಿದ್ದವರು ಗಕ್ಕನೆ ನಿಂತರು. ಹೆಗಲ ಮೇಲಿನ ಕೈ ತೆಗೆದರು.

"ಒಂದ್ ನಿಮಿಷ ಮೂರ್ತಿ ಸಾಬ್, ನಾನೇ ನೋಡ್ತೀನಿ" ಎಂದು ಚಪ್ಪಲಿಯ ತುದಿಯಿಂದ ನೆಲವನ್ನು ತಡವತೊಡಗಿದರು.