ಬೈರಿದೇವರಕೊಪ್ಪದ ಬಿಸಿರಕ್ತದ ಪ್ರಾಣಿಗಳು

ನಮ್ಮ ಕಾಕಾ ಮನುಷ್ಯರನ್ನು ಮನುಷ್ಯರೆಂದು ಒಪ್ಪುವವರೇ ಅಲ್ಲ. ನೀವು ಯಾರೇ ಆಗಿರಿ, ಬೈರಿದೇವರಕೊಪ್ಪದ ಅವರ ಮನೆಯ ಹೊಸ್ತಿಲು ದಾಟಿದಿರೋ, ನೀವೊಂದು ಬಿಸಿರಕ್ತದ ಪ್ರಾಣಿ, ಅಷ್ಟೇ! ಹತ್ತಿರದ ಸುಳ್ಳ ಎಂಬ ಊರಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಮಕ್ಕಳೇನೋ ಪಾಸಾಗಿ ಪಾರಾದರು. ಸಿಕ್ಕಿಬಿದ್ದವರು ನಾವು, ನೆಂಟರು.

ಹುಬ್ಬಳ್ಳಿಯಲ್ಲಿ ಮನೆಗೆ ಬಂದವರಿಗೆ ಮೊದಲು ಫ್ಯಾನು, ಆಮೇಲೆ ನೀರು, ಆಮೇಲೆ ಮಾತು. ಏಪ್ರಿಲ್ ತಿಂಗಳಲ್ಲಂತೂ ಜಗಳಕ್ಕೆ ಬಂದವರಿಗೂ ಫ್ಯಾನು ಹಾಕಿಯೇ ಜಗಳ ಶುರುಮಾಡುತ್ತೇವೆ. ಇಂಥ ಊರಲ್ಲಿ ಕಾಕಾ ಮೂರು ವರ್ಷದ ಹಿಂದೆ ಪಡಸಾಲೆಯ ಫ್ಯಾನು ಬಿಚ್ಚಿಸಿ ಅಟ್ಟಕ್ಕೆ ಹಾಕಿಬಿಟ್ಟರು! ಕೆಟ್ಟಿತ್ತೇ? ಇಲ್ಲ. ಗರಗರ ಚೆನ್ನಾಗಿ ತಿರುಗುತ್ತಿತ್ತು.

"ಫ್ಯಾನ್ ಯಾಕ ಬೇಕವಾ? ನಾಯಿ ನಾಲಿಗಿ ಚಾಚತೈತಿ, ಕಾಗಿ ಬಾಯಿ ತೆರಿತೈತಿ, ಎಮ್ಮಿ ಕೆಸರಾಗ ಬೀಳತೈತಿ. ಹೊರಗ ಎಷ್ಟರ ಬಿಸಲಿರ್ಲಿ, ಒಳಗಿನ ಕಾವು ಒಂದಽ ಹದಕ್ಕ ಇಟ್ಟುಕೊಳ್ಳೂದು ಮೈಗೆ ಗೊತ್ತೈತಿ. ನಿನಗಂತೂ ದೇವರು ಬೆವರು ಕೊಟ್ಟಾನ. ಬೆವರು!"

ಬೆವರಬೇಕಂತೆ! ನಾನೂ ಬಿಡಲಿಲ್ಲ. "ಜೇನುಹುಳ ರೆಕ್ಕಿ ಬೀಸಿ ಗೂಡಿಗೆ ಗಾಳಿ ಹಾಕತಾವಂತಲ್ರಿ ಕಾಕಾ, ಅದು ಫ್ಯಾನ್ ಅಲ್ಲೇನು?" ಎಂದೆ.

"ರೆಕ್ಕಿ ಇದ್ರ ನೀನೂ ಬೀಸವಾ, ನಾ ಯಾಕ ಬ್ಯಾಡ ಅನ್ಲಿ?"

ಇಂಥವರ ಜೊತೆ ಏನು ವಾದ ಮಾಡುತ್ತೀರಿ, ಹೇಳಿ!

ಓತಿಕ್ಯಾತ ಬಿಸಿಲು ನೆರಳು ನೋಡಿ ಜಾಗ ಬದಲಿಸುತ್ತದೆಂದು ನೆಂಟರ ಕುರ್ಚಿಗಳನ್ನೂ ಗಂಟೆಗೊಮ್ಮೆ ಬದಲಿಸುವವರು ಇವರು. ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಬೇವಿನ ಮರದ ಬುಡಕ್ಕೆ. ನಮ್ಮ ಸೋದರತ್ತೆ ಒಂದೇ ಮಧ್ಯಾಹ್ನ ಐದು ಸಲ ಕುರ್ಚಿ ಹೊತ್ತು, ಕಡೆಗೆ ಸಿಟ್ಟಿನ ಭರದಲ್ಲಿ ಕುರ್ಚಿ ಸಮೇತ ಆಟೋ ಹತ್ತಿಬಿಟ್ಟರು!

ಇಷ್ಟನ್ನೂ ಸಹಿಸಿಕೊಂಡೆ. ಆದರೆ ಈ ಏಪ್ರಿಲ್‌ನಲ್ಲಿ ನನ್ನ ಮಗಳನ್ನು ನೋಡಲು ಧಾರವಾಡದಿಂದ ಬರುವವರಿದ್ದರು. ಹುಡುಗ ಧಾರವಾಡದ ಪಕ್ಕದಲ್ಲೇ ಇರುವ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಇಂಜಿನಿಯರ್. ಮಗಳಿಗೆ ಮನಸ್ಸಿದೆ, ಅವನಿಗೂ ಇದೆ. ಹಿರಿಯರು ಹೂಂ ಅನ್ನಬೇಕಷ್ಟೇ. ಈಗಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ನನ್ನ ಬಾಡಿಗೆ ಮನೆಯಲ್ಲಿ ನಾಲ್ವರು ಕೂತರೆ ಐದನೆಯವರು ನಿಂತಿರಬೇಕು. ಹಾಗಾಗಿ ಕಾಕಾನ ಪಡಸಾಲೆಯೇ ಗತಿ.

ಆ ದಿನ ಬೆಳಿಗ್ಗೆಯೇ ಅಟ್ಟದ ಫ್ಯಾನು ಮತ್ತೆ ಹಾಕಿಸಲು ಎಲೆಕ್ಟ್ರಿಶಿಯನ್ ಮಾಬೂಸಾಬರನ್ನು ಕರೆದುಕೊಂಡು ಹೋದೆ. ಕಾಕಾ ಬಾಗಿಲಿಗೆ ಅಡ್ಡ ನಿಂತರು. ಒಳಗಿಂದ ಅವರ ಹೆಂಡತಿ, ನಮ್ಮ ಕಾಕೂ ಬಂದು, "ಹಾಕಸ್ರಿ. ಹುಡುಗಿ ಬಾಳೇವು ಐತಿ," ಎಂದಳು. ಕಾಕಾ ಸರಿದು ನಿಂತರು. ಗೆದ್ದೆ ಅಂದುಕೊಂಡೆ.

ಬೀಗರಾಗುವವರು ಬಂದರು. ಕಾಕೂ ತಾನೇ ಹೋಗಿ ಫ್ಯಾನು ಜೋರಾಗಿ ಹಾಕಿದಳು. ಹುಡುಗನ ತಾಯಿ, "ಆಹಾ, ಛಲೋ ಗಾಳಿ," ಎಂದು ಕಾಲು ಚಾಚಿ ಕೂತರು. ಆನೆ ಕಿವಿ ಬೀಸಿ ಮೈ ತಣಿಸಿಕೊಳ್ಳುವ ಪಾಠವನ್ನು ಕಾಕಾ ಶುರುಮಾಡಿದರೂ ಯಾರೂ ಎದ್ದು ಹೋಗಲಿಲ್ಲ. ಅಷ್ಟರಲ್ಲಿ ಕಾಕೂ ಉಪ್ಪಿಟ್ಟಿನ ತಟ್ಟೆಗಳನ್ನು ತಂದಳು. ಟ್ರೇ ಗಡಗಡ ಸದ್ದು ಮಾಡುತ್ತಿತ್ತು. ಕಾಕಾ ತಟ್ಟನೆ ಎದ್ದು ಫ್ಯಾನು ಬಂದ್ ಮಾಡಿದರು!

"ಪ್ರಾಣಿ ಆದ ಮ್ಯಾಲೆ ಬೆವರಬೇಕ್ರಿ!" ಎಂದು ಬೀಗರ ಮುಖಕ್ಕೇ ಹೇಳಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ಕಾಕೂನ ಬೆನ್ನಿಗೇ ಅಡುಗೆಮನೆಗೆ ನುಗ್ಗಿದೆ. "ಕಾಕೂ, ನಿನ್ನ ಗಂಡಗ ಏನ್ ಬಂದೈತಿ? ನನ್ನ ಮಗಳ ಬಾಳೇವು ಹಾಳ ಮಾಡಬೇಕಂತಾರೇನು?"

ಕಾಕೂ ಗ್ಯಾಸ್ ಒಲೆಯ ಉರಿಗೆ ಎರಡೂ ಕೈ ಹಿಡಿದು ನಿಂತಿದ್ದಳು. ನಡುಗುತ್ತಿದ್ದಳು.

"ಅವರಿಗೆ ಬೈಬ್ಯಾಡವಾ. ಮೂರು ವರ್ಷದ ಹಿಂದ ಗಂಟಲದ ಥೈರಾಯ್ಡ್ ಆಪರೇಶನ್ ಆದಾಗಿಂದ ನನ್ನ ಮೈ ಕಾವು ಹಿಡಕೊಳ್ಳೂದಽ ಮರತೈತಿ. ಗುಳಿಗಿ ನುಂಗಿದ್ರೂ ಅಷ್ಟಽ, ಗಾಳಿ ಬಡೀತಂದ್ರ ನಡುಕ. ಬಂದವರಿಗೆ ಫ್ಯಾನ್ ಬ್ಯಾಡ ಅಂತ ನಾ ಹೆಂಗ ಹೇಳ್ಲಿ? ನನ್ನ ಸಲುವಾಗಿ ಅಂತ ಗೊತ್ತಾದ್ರ ಮಂದಿ ಬರೂದಽ ಬಿಡತಾರ. ಅದಕ್ಕ ಅವರು, 'ನೀ ಸುಮ್ಮನಿರು, ನಾನಽ ಹುಚ್ಚ ಆಗತೇನಿ' ಅಂದ್ರು."

ಅವಳ ಕೈ ಹಿಡಿದೆ. ಏಪ್ರಿಲ್ ಮಧ್ಯಾಹ್ನ ಆ ಕೈ ಕೊಡದ ನೀರಿನಷ್ಟು ತಣ್ಣಗಿತ್ತು. ಮೂರು ವರ್ಷ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದೇನಲ್ಲ, ನನ್ನ ಮೇಲೇ ನನಗೆ ಸಿಟ್ಟು ಬಂತು, ಅಳು ಬಂತು. ಆ ಕೈಗಳನ್ನು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿ ಪಡಸಾಲೆಗೆ ಬಂದೆ.

ಹುಡುಗನ ತಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕಾಕಾನನ್ನೇ ಒಂಥರಾ ನೋಡುತ್ತಿದ್ದರು. "ನಿಮ್ಮ ಕಾಕಾ ಅವರಿಗೆ ಫ್ಯಾನ್ ಸೇರೂದಿಲ್ಲೇನ್ರಿ?" ಎಂದು ಕೇಳಿದರು. ಮಗಳು ನನ್ನತ್ತ ನೋಡಿ, ಫ್ಯಾನು ಹಾಕು ಎಂದು ಕಣ್ಣಲ್ಲೇ ಬೇಡಿಕೊಂಡಳು. ಕಾಕಾ ಫ್ಯಾನಿನ ಸ್ವಿಚ್ಚಿಗೆ ಅಡ್ಡವಾಗಿ ಗೋಡೆಗೆ ಆತು ನಿಂತಿದ್ದರು.

ನಾನು ಹೋಗಿ ಅವರ ಪಕ್ಕದಲ್ಲೇ ನಿಂತೆ.

"ಅವರಿಗಷ್ಟಽ ಅಲ್ರಿ," ಎಂದೆ. "ನಮ್ಮ ಮನಿತನಾನಽ ಹಂಗೈತಿ. ನನ್ನ ಮಗಳೂ ಹಂಗಽ."