ಮೊದಲ ದೃಶ್ಯದಲ್ಲಿ ಮೃತಪಟ್ಟ ಬೀರಿ

ಅವರ್ಸಾದ ತರಕಾರಿ ಮಾರುವ ಬೀರಿ, ವಯಸ್ಸು ಅರವತ್ತೆಂಟು, ಕಳೆದ ಜೂನ್ ತಿಂಗಳ ಒಂದು ಭಾನುವಾರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಅಂಕೋಲೆಯ ಸಭಾಭವನವೊಂದರಲ್ಲಿ ಇನ್ನೂರು ಜನರ ಸಮಕ್ಷಮ ಮೃತಪಟ್ಟಳು. ಆಗ ಅವಳು ಮುಂದಿನ ಸಾಲಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದಳು.

ಸತ್ತದ್ದು ಪರದೆಯ ಮೇಲೆ. ಕದ್ವಾಡದ ರೂಪೇಶ ಸ್ವಂತ ಖರ್ಚಿನಲ್ಲಿ ತೆಗೆದ ಸಿನೆಮಾದಲ್ಲಿ ಬೀರಿಗೆ ಬೀರಿಯದೇ ಪಾತ್ರ. ಎಡಿಟಿಂಗ್ ಮಾಡುವಾಗ ಅವನು ಕತೆಯನ್ನು ತಿರುಗಾಮುರುಗಾ ಜೋಡಿಸಿದ್ದ. ಮೊದಲು ಸಾವು, ಆಮೇಲೆ ಮುಪ್ಪು, ಆಮೇಲೆ ಮದುವೆ, ಕಟ್ಟಕಡೆಗೆ ಏಳು ವರ್ಷದ ಬೀರಿ ಗದ್ದೆಯ ಬದುವಿನ ಮೇಲೆ ಓಡುವುದು.

ಜೀವಿತ ಪರಿಶೀಲನಾ ಶಾಖೆಯ ಅಧಿಕಾರಿ ನಾಗೇಶರು ಮೊದಲ ದೃಶ್ಯ ಮುಗಿಯುತ್ತಲೇ ಕರ್ತವ್ಯನಿಷ್ಠೆಯಿಂದ ಎದ್ದು ಹೋಗಿ ಪಂಚನಾಮೆ ಬರೆದರು. ಮರುದಿನ ಪಡಿತರ ಚೀಟಿಯಿಂದ ಬೀರಿಯ ಹೆಸರು ಹೋಯಿತು. ಅಕ್ಕಿಯೂ ಹೋಯಿತು.

ಬೀರಿ ರೂಪೇಶನನ್ನು ಎಳೆದುಕೊಂಡು ಶಾಖೆಗೆ ಬಂದಳು. "ಒಡೆಯಾ, ನಾ ಇಲ್ಲೇ ನಿಂತೀನಲ್ರಾ!"

"ಮೃತರು ಖುದ್ದಾಗಿ ಅರ್ಜಿ ಸಲ್ಲಿಸಲು ಅವಕಾಶವಿಲ್ಲ," ಎಂದರು ನಾಗೇಶರು. ಆದರೂ ಕೂರಲು ಕುರ್ಚಿ ಕೊಟ್ಟರು.

"ಸರ್, ಸಿನೆಮಾದಲ್ಲಿ ಸಾವು ಮೊದಲು ಬರ್ತದೆ, ಅಷ್ಟೇ," ಎಂದ ರೂಪೇಶ. "ಅದಾದ ಮೇಲೂ ಇವಳು ಒಂದೂವರೆ ತಾಸು ಬದುಕೇ ಇದ್ದಾಳೆ."

"ಸಾವಿನ ನಂತರದ ದಾಖಲೆ ಇದೆಯೆ? ಮೊದಲೇ ಹೇಳಬಾರದಿತ್ತೆ!" ನಾಗೇಶರ ಮುಖ ಅರಳಿತು.

"ಒಬ್ಬರ ಜೀವ ಪರಿಶೀಲನೆಯಲ್ಲಿರುವುದರಿಂದ ಇಂದು ಕೌಂಟರ್ ಮುಚ್ಚಿದೆ" ಎಂಬ ಫಲಕ ತೂಗುಹಾಕಿ ಸಿಬ್ಬಂದಿಯೆಲ್ಲ ಸಿನೆಮಾ ನೋಡಿದರು. ಗುಮಾಸ್ತೆ ಜಯಶ್ರೀ ಮದುವೆಯ ದೃಶ್ಯದಲ್ಲಿ ಅತ್ತರು. ಬೆಳಗಿನಿಂದ ಏನೂ ತಿನ್ನದ ಬೀರಿ ಮದುವೆ ಊಟದ ಎಲೆಯನ್ನೇ ನೋಡುತ್ತ ಕೂತಳು. ನಾಲ್ಕು ಗಂಟೆಗೆ ಆದೇಶವಾಯಿತು:

"ದೃಶ್ಯಗಳು ಪರಸ್ಪರ ವಿರುದ್ಧವಾಗಿದ್ದಲ್ಲಿ ಕೊನೆಯ ದೃಶ್ಯವನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು. ಅದರಂತೆ ಸದರಿ ಬೀರಿ ಜೀವಂತವಿರುತ್ತಾಳೆ. ವಯಸ್ಸು: ಏಳು."

"ಅಕ್ಕಿ ಸಿಗ್ತದಾ?" ಎಂದಳು ಬೀರಿ.

"ಸಿಗ್ತದೆ. ಶಾಲೆ ಮಾತ್ರ ತಪ್ಪಿಸುವ ಹಾಗಿಲ್ಲ."

ರೂಪೇಶನಿಗೆ ಪಾಪ ಅನಿಸಿತು. "ಬೀರಕ್ಕಾ, ಎಲ್ಲಾ ಬಿಚ್ಚಿ, ಹುಟ್ಟಿನಿಂದ ಸರಿಯಾಗಿ ಜೋಡಿಸಿ ತರ್ಲಾ?"

ಬೀರಿ ಗಾಬರಿಯಾದಳು. "ಬ್ಯಾಡ ತಮಾ! ಸರಿಯಾಗಿ ಜೋಡಿಸಿದ್ರೆ ಕಡೆಗೆ ನಾ ಸಾಯ್ಬೇಕಾಗ್ತದೆ."

ಈಗ ಅವಳು ಬೆಳಿಗ್ಗೆ ತರಕಾರಿ ಮಾರಿ, ಹತ್ತಕ್ಕೆ ಶಾಲೆಯ ಎರಡನೇ ಇಯತ್ತೆಯಲ್ಲಿ ಕೂರುತ್ತಾಳೆ. ಶಿಕ್ಷಕಿ ಮನಿಷಾ ಬಾಯಿ ಹಾಜರಿ ಕರೆದರೆ ಎದ್ದು ನಿಲ್ಲುತ್ತಾಳೆ. ಹೋದ ವಾರ ಎರಡು ದಿನ ಗೈರಾದದ್ದಕ್ಕೆ ಪಾಲಕರನ್ನು ಕರೆಸಲಾಯಿತು. ಅವಳ ಮಗ ಸೋಮು ಬಂದು ಸಹಿ ಹಾಕಿ, ಇನ್ನೊಮ್ಮೆ ಹೀಗೆ ಮಾಡಬಾರದೆಂದು ನಾಲ್ಕು ಬುದ್ಧಿಮಾತು ಹೇಳಿ ಹೋದ.