ಮಾಮಾನ ಹಲಗೆ ಹತ್ತಿದವರು

ನಮ್ಮ ಮಾಮಾನ ಎದುರು ನೀವು ಜಾರಿ ಬಿದ್ದರೆ ಅವರು ಕೈಕೊಟ್ಟು ಎಬ್ಬಿಸುತ್ತಾರೆಂದು ದಯವಿಟ್ಟು ನಂಬಬೇಡಿ. ಅವರು ಮೊದಲು ಸೀಮೆಸುಣ್ಣ ಹುಡುಕುತ್ತಾರೆ!

ಮಾಮಾ ಎಂದರೆ ನನ್ನ ಅಕ್ಕನ ಗಂಡ, ಬಸವಕಲ್ಯಾಣದ ನಿವೃತ್ತ ಇಂಗ್ಲಿಷ್ ಮಾಸ್ತರರು. ಪಡಸಾಲೆಯಲ್ಲಿ ಹಲಗೆ ತೂಗುಹಾಕಿ ಓಣಿಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಾರೆ. ಪಾಠ ಒಂದೇ: ಅಧೀನ ವಾಕ್ಯ, ಅದೂ ಭೂತಕಾಲದ್ದು. ಒಂದು ಸಂಗತಿ ನಡೆದಾಗ ಇನ್ನೊಂದು ಏನಾಗಿತ್ತು ಎಂದು ಎರಡನ್ನೂ ಸೇರಿಸಿ ಹೊಲಿಯುವುದು. ವ್ಯಾಕರಣ ಪುಸ್ತಕದ ಉದಾಹರಣೆಗಳೆಂದರೆ ಅವರಿಗೆ ಆಗದು.

“ಡಾಕ್ಟರ್ ಬರೂದ್ರಾಗ ಪೇಶಂಟ್ ಸತ್ತಿದ್ದ! ನಾ ಸಾಲಿ ಕಲಿಯುವಾಗಿಂದ ಅದೇ ಪೇಶಂಟ್‌ನ ಸಾಯಿಸಾಕತ್ತಾರ. ಪಾಪ, ಒಮ್ಮಿ ಮಣ್ಣರೆ ಮಾಡಬಾರದೇನು?”

ಹೀಗಾಗಿ ಉದಾಹರಣೆಗಳು ಊರಿನಿಂದಲೇ ಬರುತ್ತವೆ. ಪಕ್ಕದ ಮಿಠಾಯಿ ಅಂಗಡಿಯ ಚಾಚಾ ಒಂದು ಮಧ್ಯಾಹ್ನ ತೂಕಡಿಸಿದರು. ಸಂಜೆ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ, ‘ಚಾಚಾ ಕಣ್ಣು ತೆರೆದಾಗ ಬೆಕ್ಕು ಪೇಢೆ ನೆಕ್ಕಿ ಹೋಗಿತ್ತು!’ ಮಕ್ಕಳು ಅದನ್ನೇ ಅಂಗಡಿಯ ಮುಂದೆ ಹಾಡುತ್ತ ಮನೆಗೆ ಹೋದರು. ಚಾಚಾ ಓಡಿ ಬಂದರು.

“ಮಾಸ್ತರ್, ನಿಮ್ಮ ಗ್ರಾಮರ್‌ದಾಗ ನನ್ನ ಧಂದಾ ಬರ್ಬಾದ್ ಆಗ್ತದ್ರಿ!”

“ವಾಕ್ಯದಾಗ ತಪ್ಪಿದ್ರ ಹೇಳ್ರಿ ಚಾಚಾ, ತಿದ್ದತೀನಿ.”

ನನ್ನನ್ನಾದರೂ ಬಿಟ್ಟರೇ? ನಾನು ಹುಮನಾಬಾದಿನವನು, ಗಡಿಯಾರ ನೋಡಿ ಉಣ್ಣುವವನು, ಬಸ್ಸಿಗಿಂತ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಹಾಜರಿರುವವನು. ಅಂಥ ನಾನು ಅಕ್ಕ ಕೊಟ್ಟ ಎರಡನೇ ಕಪ್ ಚಹಾದ ಆಸೆಗೆ ಬಿದ್ದು ಒಮ್ಮೆ, ಒಂದೇ ಒಮ್ಮೆ, ಬಸ್ಸು ತಪ್ಪಿಸಿಕೊಂಡೆ. ಮುಂದಿನ ರವಿವಾರ ಓಣಿಗೆ ಕಾಲಿಟ್ಟರೆ ಮಕ್ಕಳ ಮೇಳ: ‘ಹುಮನಾಬಾದಿನ ಅಜ್ಜ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು!’ ನನ್ನ ಜೀವಮಾನದ ಶಿಸ್ತು ಮಣ್ಣುಪಾಲಾಯಿತೋ ಇಲ್ಲವೋ, ನೀವೇ ಹೇಳಿ!

ಮಾಮಾ ಸಹಿಸದಿರುವುದು ಅರ್ಧ ವಾಕ್ಯವನ್ನು. ಮಕ್ಕಳು ಯಾರಾದರೂ ನಡುವೆ ನಿಲ್ಲಿಸಿದರೆ ಗದರುತ್ತಾರೆ: “ಯಾವಾಗ ಅಂತ ಹೇಳಿದಿ, ಸರಿ. ಮುಂದ ಏನಾತು? ಅಲ್ಲೇ ಬಿಟ್ಟು ಕುಂತ್ರ ಹ್ಯಾಂಗ? ಏಳ್ ಮ್ಯಾಲ!”

ಊರೆಲ್ಲ ಹತ್ತಿದ ಹಲಗೆಯನ್ನು ಅಕ್ಕ ಮಾತ್ರ ಹತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿನಿಂದಲೇ ಪಾಠ ನೋಡಿ ನೋಡಿ ಇಂಗ್ಲಿಷ್ ಓದಲು ಕಲಿತವಳಿಗೆ ಅದೇ ದೊಡ್ಡ ಸಂಕಟ.

“ಬೆಕ್ಕು ಬಂತು, ನನ್ನ ತಮ್ಮ ಬಂದ. ನಾ ಏನ್ ಪಾಪ ಮಾಡೀನ್ರಿ?”

“ನಿಂದೇನು ಸುದ್ದಿ ಅದ? ಏಳ್ತಿ, ಚಾ ಮಾಡ್ತಿ, ಬೈತಿ. ದಿನಾ ಅದೇ. ಹಲಗಿ ಮ್ಯಾಲ ಬರಬೇಕಂದ್ರ ಏನರೆ ಆಗಬೇಕು!”

ಅಕ್ಕ ಮರುದಿನ ಬೇಕೆಂದೇ ರೊಟ್ಟಿ ಸುಟ್ಟಳು. ಮಾಮಾ ಎಂದಿನಂತೆ ತಿಂದು ಎದ್ದರು. ರೊಟ್ಟಿಯೂ ಹೋಯಿತು, ಸುದ್ದಿಯೂ ಆಗಲಿಲ್ಲ!

ಈಚೆಗೆ ಅವಳ ಕಣ್ಣಿನ ಪೊರೆ ತೆಗೆಸಬೇಕಾಯಿತು. ಹುಮನಾಬಾದಿಗೆ ಕರೆತಂದು ಕೆಲವು ದಿನ ನಮ್ಮಲ್ಲೇ ಇರಿಸಿಕೊಂಡೆ. “ನೀವ್ ಬರಬ್ಯಾಡ್ರಿ, ದವಾಖಾನಿ ಮಂದಿನೆಲ್ಲ ಹಲಗಿಗಿ ಏರಸ್ತೀರಿ!” ಎಂದು ಗಂಡನನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು.

ಮರಳಿ ಕರೆದುಕೊಂಡು ಹೋದ ದಿನ ಚಾಚಾ ಅಂಗಡಿಯಿಂದಲೇ ಕೂಗಿದರು: “ಅಕ್ಕೋರೇ, ನೀವು ಹೋದಾಗಿಂದ ಮಾಸ್ತರ್ ಕ್ಲಾಸ್ ಬಂದ್ ಅದ್ರಿ! ಬೆಕ್ಕು ಮತ್ತ ಬಂದು ಹೋತು, ಕೇಳೋರೇ ಇಲ್ಲ!”

ಪಡಸಾಲೆಯಲ್ಲಿ ಅಕ್ಕ ಕಪ್ಪು ಕನ್ನಡಕ ಎತ್ತಿ, ಹೊಸ ಕಣ್ಣಿನಿಂದ ಹಲಗೆ ನೋಡಿದಳು. ಅಲ್ಲಿದ್ದದ್ದು ಒಂದೇ ಸಾಲು: ‘ನನ್ನ ಹೆಂಡತಿ ಹುಮನಾಬಾದಿನಲ್ಲಿದ್ದಾಗ...’ ಮುಂದೆಲ್ಲ ಖಾಲಿ.

“ಅರ್ಧಾ ಬಿಟ್ಟೀರಲ್ರಿ! ಮುಂದ ಏನಾತು?”

ಮಾಮಾ ಬೆರಳಲ್ಲಿ ಸೀಮೆಸುಣ್ಣ ತಿರುಗಿಸುತ್ತ ನಿಂತರು.

“ದಿನಾ ಬರ್ಯಾಕ ನಿಂತೆ. ಏನೂ ಆಗಲೇ ಇಲ್ಲ ನೋಡು.”

ಅಕ್ಕ ಒಳಗೆ ಹೋಗಿ ಚಹಾಕ್ಕಿಟ್ಟಳು. ಅಂದು ಎರಡನೇ ಕಪ್ಪು ಕುಡಿದೆ; ಬಸ್ಸು ಹೋದರೆ ಹೋಗಲಿ ಎಂದು ಕುಳಿತೆ. ಸಂಜೆ ಮಕ್ಕಳು ಬಂದರು. ಒಬ್ಬಳು ಬಟ್ಟೆ ಹಿಡಿದು ಹಲಗೆ ಒರೆಸಲು ಹೋದಳೋ ಇಲ್ಲವೋ, ಅಡುಗೆಮನೆಯಿಂದ ಕೂಗು ಬಂತು:

“ಏ ತಂಗಿ, ಆ ಸಾಲಿಗಿ ಕೈ ಹಚ್ಚಬ್ಯಾಡ! ಕೆಳಗ ಬೇಕಾದಷ್ಟು ಜಾಗಾ ಅದ, ಬೆಕ್ಕಿನ ಸುದ್ದಿ ಅಲ್ಲಿ ಬರೀರಿ.”